ಹೊರಡುವಾಗ ಬರ್ತೀನಿ ಅನ್ನಬೇಡಿ

ನಾನು ಹುಟ್ಟಿ ಬೆಳೆದ ಹಲಸೂರಿನ ಮನೆಗೆ ಭಾನುವಾರ ಹಾಲಿನವನಿಗಿಂತ ಮೊದಲು ಕಾಮಾಲೆಯವರು ಬರುತ್ತಿದ್ದರು. ಇನ್ನೂ ಸರಿಯಾಗಿ ಬೆಳಕು ಹರಿದಿರುತ್ತಿರಲಿಲ್ಲ, ಗೇಟಿನ ಹೊರಗಿನ ಕಲ್ಲುಚಪ್ಪಡಿಯ ಮೇಲೆ ಹಳದಿ ಕಣ್ಣಿನವರು ಸಾಲಾಗಿ ಕೂತಿರುತ್ತಿದ್ದರು. ಮಾರ್ಕೆಟ್ಟಿನಲ್ಲಿ ಹೂವು ಕಟ್ಟುವ ಹೆಂಗಸರು, ಶಿವಾಜಿನಗರದಿಂದ ಮಗಳನ್ನು ಕರೆದುಕೊಂಡು ಬಂದ ಬುರ್ಖಾದ ತಾಯಿ, ರಿಚರ್ಡ್ಸ್ ಟೌನಿನ ಬಂಗಲೆಯಿಂದ ಕಾರಿನಲ್ಲಿ ಬಂದಿಳಿದ ಮುದುಕರು, ಎಲ್ಲರಿಗೂ ಅದೇ ಕಲ್ಲು. ಅಮ್ಮ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಕುಂಡದಿಂದ ಕಿತ್ತ ಸೊಪ್ಪನ್ನು ಅರೆದು ಹಸುವಿನ ಹಾಲಿನಲ್ಲಿ ಕಲಸಿ ಬಟ್ಟಲು ಹಿಡಿದು ಹೊರಗೆ ಬರುತ್ತಿದ್ದಳು. ಬಂದವರ ಜೊತೆ ಅವರವರ ಭಾಷೆಯಲ್ಲೇ ಮಾತಾಡಲು ನೋಡುತ್ತಿದ್ದಳು. ಅವಳ ತಮಿಳು, ದಖನಿ ಎರಡೂ ಹರಕುಮುರಕು. ಆದರೂ ಯಾರೂ ನಗುತ್ತಿರಲಿಲ್ಲ.

ಔಷಧಿಗಿಂತ ಅದರ ಕಟ್ಟುಪಾಡುಗಳೇ ಜಾಸ್ತಿ. ದುಡ್ಡು ಮುಟ್ಟುವಂತಿಲ್ಲ. ಸೊಪ್ಪು ಯಾವುದೆಂದು ಹೇಳುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರೋಗಿಯ ಮುಖ ನೋಡದೆ ಕೊಡುವಂತಿಲ್ಲ. ಅಮ್ಮ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡುತ್ತಿದ್ದಳು, ಉಗುರು ನೋಡುತ್ತಿದ್ದಳು, ಹೊಟ್ಟೆ ಒತ್ತಿ ನೋಡುತ್ತಿದ್ದಳು. ಹೊಟ್ಟೆ ಊದಿಕೊಂಡಿದ್ದರೆ, ಜ್ವರ ಇದ್ದರೆ, ರೋಗಿ ಮಂಪರಿನಲ್ಲಿದ್ದರೆ, "ಇದು ನನ್ನ ಕೈಲಾಗೋದಲ್ಲ, ಈಗ್ಲೇ ದೊಡ್ಡಾಸ್ಪತ್ರೆಗೆ ನಡೀರಿ" ಎಂದು ಎಬ್ಬಿಸಿ ಕಳಿಸುತ್ತಿದ್ದಳು. ಉಳಿದವರಿಗೆ ಔಷಧಿ ಕೊಟ್ಟು ಪಥ್ಯ ಹೇಳುತ್ತಿದ್ದಳು. ಉಪ್ಪು, ಎಣ್ಣೆ ಬೇಡ. ಬೇರೆ ಯಾವ ಔಷಧಿಯನ್ನೂ ಮುಟ್ಟಬಾರದು. ಪಥ್ಯ ಮುಗಿಯುವ ತನಕ ಔಷಧಿ ಕೊಟ್ಟವಳ ಜೊತೆ ಮಾತಾಡಬಾರದು. ಕೊನೆಗೆ, ಹೊರಡುವಾಗ ಬರ್ತೀನಿ ಅನ್ನಬಾರದು. ಬರ್ತೀನಿ ಎಂದರೆ ಕಾಯಿಲೆಯೂ ಹಿಂದೆಯೇ ಬರುತ್ತದೆ ಎಂಬ ಲೆಕ್ಕ. ಬಂದವರು ಔಷಧಿ ನುಂಗಿ, ಚಪ್ಪಲಿ ಮೆಟ್ಟಿಕೊಂಡು, ಹಿಂದೆ ತಿರುಗಿ ನೋಡದೆ ಹೊರಟುಹೋಗುತ್ತಿದ್ದರು. ಚಿಕ್ಕವಳಿದ್ದಾಗ ನನಗೆ ಅದು ಬಹಳ ಕೆಟ್ಟ ನಡತೆಯಾಗಿ ಕಾಣುತ್ತಿತ್ತು.

ದೊಡ್ಡವಳಾದ ಮೇಲೆ ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳಾದೆ. ಮದುವೆಯಾಗಿ ಜೀವನ್ ಬಿಮಾ ನಗರ ಸೇರಿದೆ. ಅಮ್ಮನ ಜೊತೆ ನನ್ನ ಜಗಳ ಅಲ್ಲಿಂದ ಶುರು. ಬಹುಪಾಲು ಕಾಮಾಲೆ ಎಣ್ಣೆ ಜಿಡ್ಡು ಬಿಟ್ಟು ಮಲಗಿದರೆ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ನಿನ್ನ ಸೊಪ್ಪಿಗೆ ಎನ್ನುತ್ತಿದ್ದೆ. "ನಿಮ್ಮ ಲ್ಯಾಬಲ್ಲಿ ನೀರಿನ ಬಣ್ಣ ಬದಲಾದ್ರೆ ವಿದ್ಯೆ, ನಮ್ಮನೇಲಿ ಕಣ್ಣಿನ ಬಣ್ಣ ಬದಲಾದ್ರೆ ಮೂಢನಂಬಿಕೆ ಅಲ್ವೇನೇ?" ಎಂದು ಅಮ್ಮ ನಗುತ್ತಿದ್ದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅವಳಿಗೆ ಅದನ್ನು ಕೆಣಕುವುದರಲ್ಲಿ ಖುಷಿ. ಸೊಪ್ಪು ಕೆಲಸ ಮಾಡುತ್ತಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಮುಖ ನೋಡಿ ಆಸ್ಪತ್ರೆಗೆ ಅಟ್ಟುತ್ತಿದ್ದಳಲ್ಲ, ಅದು ಮಾತ್ರ ಖಂಡಿತ ಕೆಲಸ ಮಾಡುತ್ತಿತ್ತು.

ಅಮ್ಮನ ಕೈಗುಣದ ಮೊದಲ ಭಕ್ತ ಅವಳ ತಮ್ಮ, ನನ್ನ ಸೋದರಮಾವ. ಕೆ.ಆರ್. ಪುರದ ಆಚೆ, ಈಗ ಊರೆಂದು ಹೇಳಿದರೆ ಯಾರೂ ನಂಬದಂಥ ಊರಿನಲ್ಲಿ ಅವನ ಮನೆ. ಕೆರೆಯ ಪಕ್ಕ ಅವರು ಸೊಪ್ಪು, ಹೂಕೋಸು ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ. ಮಾವ ಹುಡುಗನಾಗಿದ್ದಾಗ ಕಾಮಾಲೆಯಾಗಿ ಕಡ್ಡಿಯಂತಾಗಿದ್ದನಂತೆ. ಆಗಷ್ಟೇ ಮದುವೆಯಾಗಿ ಹಲಸೂರಿಗೆ ಬಂದಿದ್ದ ಅಮ್ಮ, ಅತ್ತೆಯಿಂದ ಕಲಿತ ಔಷಧಿಯನ್ನು ಮೊದಲು ಕೊಟ್ಟದ್ದು ಅವನಿಗೆ. ಅವನು ಬದುಕಿದ. ಅಂದಿನಿಂದ ಮಾವ ನಮ್ಮ ಮನೆಯಿಂದ ಹೊರಡುವಾಗ ಒಂದು ದಿನವೂ ಬರ್ತೀನಿ ಅಂದವನಲ್ಲ. ಹಬ್ಬಕ್ಕೆ ಬಂದರೂ ಅಷ್ಟೆ, ನಾಮಕರಣಕ್ಕೆ ಬಂದರೂ ಅಷ್ಟೆ. ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಹರಟುತ್ತ ಹರಟುತ್ತ ಇದ್ದವನು ಮಾಯವಾಗಿಬಿಡುತ್ತಿದ್ದ. "ಮಾವ ಎಲ್ಲಿ?" ಎಂದು ಮಕ್ಕಳು ಕೇಳಿದರೆ, "ಓಡೋಯ್ತು ಕಾಮಾಲೆ" ಎಂದು ನಾವೆಲ್ಲ ನಗುತ್ತಿದ್ದೆವು. ಆದರೆ ಬೆಳಿಗ್ಗೆ ಎದ್ದ ಕೂಡಲೇ ಅಕ್ಕನಿಗೆ ಫೋನ್ ಮಾಡುವುದನ್ನು ಅವನು ಎಂದೂ ತಪ್ಪಿಸುತ್ತಿರಲಿಲ್ಲ. ಏನು ತಿಂಡಿ, ಕೆರೆಗೆ ನೀರು ಬಂತಾ, ಬಾಡಿಗೆಯ ಹುಡುಗರು ಟ್ಯಾಂಕ್ ಖಾಲಿ ಮಾಡಿದರು, ಇಷ್ಟೇ ಮಾತು.

ಮೊದಲ ಲಾಕ್‌ಡೌನಿನಲ್ಲಿ ಭಾನುವಾರದ ಕಲ್ಲು ಖಾಲಿಯಾಯಿತು. ಆಗ ನನ್ನ ಅತ್ತಿಗೆಯ, ಅಂದರೆ ಅಮ್ಮನ ಜೊತೆಗಿದ್ದ ಅಣ್ಣನ ಹೆಂಡತಿಯ, ಅಕ್ಕನ ಮಗಳಿಗೆ ಕಾಮಾಲೆಯಾಯಿತು. ಮನೆ ಕಲ್ಯಾಣ ನಗರದಲ್ಲಿ, ಅವರ ಬೀದಿಗೆ ಪೊಲೀಸರು ಬೇಲಿ ಹಾಕಿದ್ದರು. ಹುಡುಗಿ ಬರುವ ಹಾಗಿಲ್ಲ, ಅಮ್ಮ ಹೋಗುವ ಹಾಗಿಲ್ಲ. ಮುಖ ನೋಡದೆ ಕೊಡುವುದಿಲ್ಲ ಎಂದು ಅಮ್ಮ ಹಟ ಹಿಡಿದಳು. ಅತ್ತಿಗೆ ಅತ್ತಳು. ಕೊನೆಗೆ ಅಮ್ಮ ವಿಡಿಯೋ ಕಾಲಿನಲ್ಲಿ ಆ ಹುಡುಗಿಯ ಕಣ್ಣು ನೋಡಿದಳು, ಅದೂ ಮಸಕುಮಸಕು. ಅರೆದ ಸೊಪ್ಪನ್ನು ಹಾಲಿನ ವ್ಯಾನಿನವನ ಕೈಯಲ್ಲಿ ಕಳಿಸಿದ್ದಾಯಿತು. ಪಥ್ಯ ಮರೆತುಹೋಗದಿರಲಿ ಎಂದು ಅತ್ತಿಗೆ ತನ್ನ ಫೋನಿನಲ್ಲಿ ಅಮ್ಮನ ಮಾತನ್ನು ರೆಕಾರ್ಡ್ ಮಾಡಿ ಅಕ್ಕನಿಗೆ ಕಳಿಸಿದಳು. ಒಬ್ಬಳೇ ಹುಡುಗಿಗೆ ಹೇಳುತ್ತಿದ್ದರೂ ಅಮ್ಮನ ಬಾಯಿಗೆ ಭಾನುವಾರದ ಮಾತೇ ಬಂತು. ಅಷ್ಟು ವರ್ಷ ಹೇಳಿ ಹೇಳಿ ಬಾಯಿಪಾಠವಾಗಿತ್ತು. ಹುಡುಗಿ ಹುಷಾರಾದಳು. ಆ ಧ್ವನಿ ಅವರ ಮನೆಯವರ ಗುಂಪಿಗೆ ಹೋಯಿತು, ಅಲ್ಲಿಂದ ಯಾರದೋ ಭಜನಾ ಮಂಡಳಿಗೆ. ಆಮೇಲೆ ಎಲ್ಲಿಗೆ ಹೋಯಿತೆಂದು ಯಾರೂ ವಿಚಾರಿಸಲಿಲ್ಲ.

ಎರಡನೇ ಅಲೆಯ ಹೊತ್ತಿಗೆ ನಮ್ಮ ಬೀದಿಯ ವಾಟ್ಸಾಪ್ ಗುಂಪು ಒಂದು ಆಸ್ಪತ್ರೆಯೇ ಆಗಿಹೋಗಿತ್ತು, ಡಾಕ್ಟರು ಮಾತ್ರ ಇರಲಿಲ್ಲ. ಬೆಳಿಗ್ಗೆ ಹಬೆ, ಮಧ್ಯಾಹ್ನ ಕರ್ಪೂರ ಓಮದ ಗಂಟು, ಸಂಜೆಗೆ ಲಸಿಕೆ ಹಾಕಿಸಿಕೊಂಡವರ ತೋಳಿಗೆ ಚಮಚ ಅಂಟಿಕೊಳ್ಳುತ್ತದೆ ಎಂಬ ವಿಡಿಯೋ. ಗುಂಪಿನ ಯಜಮಾನರು ನಮ್ಮ ಎದುರು ಮನೆಯವರು, ಸರ್ಕಾರಿ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಜೀವನವಿಡೀ ಅಳತೆ ಹಿಡಿದು ಕೆಲಸ ಮಾಡಿದ ಮನುಷ್ಯ ನಿಂಬೆರಸ ಮೂಗಿಗೆ ಬಿಟ್ಟುಕೊಂಡರೆ ರೋಗಾಣು ಸಾಯುತ್ತದೆ ಎಂದು ಕಳಿಸಿದಾಗ ನನಗೆ ತಲೆ ಕೆಟ್ಟುಹೋಯಿತು. ಒಂದೊಂದಕ್ಕೂ ನಾನು ಉತ್ತರ ಬರೆಯುತ್ತಿದ್ದೆ. ಯಾವ ಆಸ್ಪತ್ರೆ ಹೇಳಿದೆ, ಯಾರು ಪರೀಕ್ಷೆ ಮಾಡಿದ್ದಾರೆ ಎಂದು ಕೇಳುತ್ತಿದ್ದೆ. ಉತ್ತರಕ್ಕೆ ಬದಲು ಕೈ ಮುಗಿಯುವ ಚಿತ್ರಗಳು ಬರುತ್ತಿದ್ದವು. ನಾನು ಬಾಯಿ ತೆರೆದರೆ ಸಾಕು, "ಮೇಡಂ ಪೇಪರ್ ತಿದ್ದೋಕೆ ಬಂದ್ರು" ಎಂದು ಯಾರಾದರೂ ಬರೆಯುತ್ತಿದ್ದರು. ಅದೇ ಗುಂಪಿನಲ್ಲಿ ನಡುನಡುವೆ ಸಾವಿನ ಸುದ್ದಿಗಳು. ನಿನ್ನೆ ಕಷಾಯದ ವಿಧಾನ ಕಳಿಸಿದ್ದವರ ಫೋಟೋಕ್ಕೆ ಇಂದು ಹಾರ.

ಒಂದು ಬೆಳಿಗ್ಗೆ ನಾನು ಗೇಟಿನಲ್ಲಿ ಹಾಲಿನ ಪ್ಯಾಕೆಟ್ ತೊಳೆಯುತ್ತಿದ್ದೆ. ಎದುರು ಮನೆಯವರು ತಮ್ಮ ಕಾಂಪೌಂಡಿನ ಆಚೆಯಿಂದ ಫೋನ್ ಎತ್ತಿ ಹಿಡಿದರು.

"ಮೇಡಂ, ಎಲ್ಲಕ್ಕೂ ಪ್ರೂಫ್ ಕೇಳ್ತೀರಲ್ಲ, ಇದನ್ನ ಕೇಳಿ. ಯಾರೋ ಟೈಪ್ ಮಾಡಿ ಕಳಿಸಿದ್ದಲ್ಲ ಇದು, ಔಷಧಿ ಕೊಡೋ ಅಜ್ಜಿ ಬಾಯಿಂದಾನೇ ಬಂದಿರೋದು."

ಅವರು ಒತ್ತಿದರು. ಹಿಂದೆ ಎಲ್ಲೋ ಕುಕ್ಕರ್ ಕೂಗಿತು. ಆಮೇಲೆ ಅಮ್ಮ ಮಾತಾಡಿದಳು.

"ಬೆಳಿಗ್ಗೆ ಎದ್ದು ಮುಖ ತೊಳ್ಕೊಂಡು ಬರೀ ಹೊಟ್ಟೇಲಿ ತಗೋಬೇಕು. ಉಪ್ಪು ಬೇಡ, ಎಣ್ಣೆ ಬೇಡ. ಬೇರೆ ಯಾವ ಔಷಧೀನೂ ಮುಟ್ಬಾರ್ದು, ಯಾರು ಕೊಟ್ರೂ ಮುಟ್ಬಾರ್ದು. ಪಥ್ಯ ಮುಗಿಯೋವರ್ಗೂ ನನ್ ಜೊತೆ ಮಾತಾಡ್ಬಾರ್ದು. ಹೊರಡೋವಾಗ ಬರ್ತೀನಿ ಅನ್ಬೇಡಿ. ವಾಸಿಯಾಗತ್ತೆ, ಹೋಗಿ."

ಧ್ವನಿಯ ಕೆಳಗೆ ಉದ್ದನೆಯ ಬರಹವೊಂದಿತ್ತು. ಹಲಸೂರಿನ ಅಜ್ಜಿಯ ಕೊರೊನಾ ಔಷಧಿ, ಲೆಕ್ಕವಿಲ್ಲದಷ್ಟು ಜನ ಗುಣವಾಗಿದ್ದಾರೆ, ಆಸ್ಪತ್ರೆಗೆ ಹೋಗಿ ಹೆಣವಾಗಬೇಡಿ, ಹತ್ತು ಜನಕ್ಕೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ. ಔಷಧಿ ಎಂದು ಕೊಟ್ಟಿದ್ದದ್ದು ಒಂದು ಕಷಾಯ, ಅಡುಗೆಮನೆಯ ಡಬ್ಬಿಗಳೆಲ್ಲ ಅದರಲ್ಲಿ ಇದ್ದವು. ಅಂದರೆ ಯಾರೋ ಪುಣ್ಯಾತ್ಮರು ಔಷಧಿಯನ್ನು ಒಂದು ಕಡೆಯಿಂದ, ಪಥ್ಯವನ್ನು ಇನ್ನೊಂದು ಕಡೆಯಿಂದ ತಂದು ಮದುವೆ ಮಾಡಿಸಿದ್ದರು.

"ಅದು ನಮ್ಮಮ್ಮ" ಎಂದೆ.

ಅವರ ಮುಖ ಅರಳಿತು. "ಹೌದೇನ್ರೀ! ಮೊದಲೇ ಹೇಳ್ಬಾರ್ದಾ? ನಂಬರ್ ಕೊಡಿ, ಗ್ರೂಪಲ್ಲಿ ಹಾಕ್ತೀನಿ."

ನಾನು ಅವತ್ತು ಅವರಿಗೆ ಏನೇನು ಅಂದೆನೋ ಸರಿಯಾಗಿ ನೆನಪಿಲ್ಲ. ಬೀದಿಯ ಕಿಟಕಿಗಳೆಲ್ಲ ತೆರೆದವು ಎಂಬುದು ನೆನಪಿದೆ. ಅದು ಕಾಮಾಲೆಯದು, ಕೊರೊನಾದ್ದಲ್ಲ, ಈಗಲೇ ಅಳಿಸಿ ಎಂದು ಕೂಗಿದೆ. ಅವರು ಪೆಚ್ಚಾಗಿ ಅಳಿಸಿದರು. ಅವರ ಫೋನಿನಿಂದ ಅಳಿಸಿದರೆ ಏನು ಬಂತು? ಅದು ಅವರಿಗೆ ಬಂದದ್ದೇ ಇನ್ನೊಂದು ಗುಂಪಿನಿಂದ. ನಾನು ಕೈ ಒರೆಸಿಕೊಂಡು ಸ್ಕೂಟರ್ ತೆಗೆದೆ. ಸಿಎಂಎಚ್ ರಸ್ತೆಯ ಬ್ಯಾರಿಕೇಡಿನಲ್ಲಿ ಪೊಲೀಸಿನವನು ಎಲ್ಲಿಗೆ ಎಂದು ಕೇಳಿದ. ಅಮ್ಮನಿಗೆ ಔಷಧಿ ಎಂದು ಸುಳ್ಳು ಹೇಳಿದೆ.

ಹಲಸೂರಿನ ಮನೆಯಲ್ಲಿ ಅಮ್ಮ ಹುರುಳಿಕಾಯಿ ಬಿಡಿಸುತ್ತ ಕೂತಿದ್ದಳು. ಅವಳ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು, ಅವಳಿಗೆ ಇದೊಂದೂ ಗೊತ್ತಿರಲಿಲ್ಲ. ಅತ್ತಿಗೆ ತನ್ನ ಫೋನಿನಲ್ಲಿ ಹಳೆಯ ರೆಕಾರ್ಡಿಂಗ್ ಹುಡುಕಿ ಹಾಕಿದಳು. ಅಸಲಿಯಲ್ಲಿ ಮೊದಲು ಇನ್ನಷ್ಟು ಮಾತಿತ್ತು. "ನೋಡಮ್ಮ, ಇದು ಕಾಮಾಲೆಗೆ ಮಾತ್ರ. ಜ್ವರ ಬಂದ್ರೆ, ಮೇಲುಸಿರು ಬಂದ್ರೆ ಇದನ್ನ ನಂಬ್ಕೊಂಡು ಕೂರ್ಬೇಡ, ಡಾಕ್ಟ್ರ ಹತ್ರ ಓಡು." ಓಡಾಡುತ್ತಿದ್ದ ಧ್ವನಿಯಲ್ಲಿ ಅಷ್ಟೂ ಕತ್ತರಿಸಿಹೋಗಿತ್ತು. ಯಾರು ಕತ್ತರಿಸಿದರು, ಬೇಕೆಂದು ಕತ್ತರಿಸಿದರೋ, ಉದ್ದವಾಯಿತೆಂದು ಕತ್ತರಿಸಿದರೋ, ನಮಗೆ ಇಂದಿಗೂ ತಿಳಿಯದು. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಅವಳನ್ನು ಬೈಯಲು ನನಗೂ ಮನಸ್ಸಾಗಲಿಲ್ಲ.

ಅಮ್ಮ ಎರಡನ್ನೂ ಕೇಳಿ ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟಳು. "ವಾಪಸ್ ಕರ್ಸು ಅದನ್ನ" ಎಂದಳು.

"ಆಗಲ್ಲಮ್ಮ. ಎಷ್ಟೋ ಕೈ ದಾಟಿಹೋಗಿದೆ."

"ನನ್ ದನಿ ಕಣೇ ಅದು. ನಾನು ಬೇಡ ಅಂದ್ರೆ ಬರಲ್ವಾ?"

ಆಮೇಲೆ ಅಮ್ಮ ಬೇರೆಯೇ ದನಿಯಲ್ಲಿ ಕೇಳಿದಳು. "ನನ್ ತಮ್ಮ ಯಾಕೆ ಫೋನ್ ಮಾಡಿಲ್ಲ?"

ಮಾವನ ಫೋನ್ ಬಂದು ಕೆಲವು ದಿನವಾಗಿತ್ತಂತೆ. ಬಾಡಿಗೆಯವರ ಗಲಾಟೆಯಿರಬೇಕು, ಕರೆನ್ಸಿ ಮುಗಿದಿರಬೇಕು ಎಂದು ಅಮ್ಮ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ನಾನು ನನ್ನ ಫೋನಿನಿಂದ ಮಾವನ ನಂಬರಿಗೆ ಮಾಡಿ ಸ್ಪೀಕರ್ ಹಾಕಿದೆ. ಅತ್ತೆ, ಮಾವನ ಹೆಂಡತಿ, ಎತ್ತಿದಳು.

"ಮಾವಂಗೆ ಜ್ವರ ಬಂದಿತ್ತು ಕಣಮ್ಮ. ಟೆಸ್ಟಲ್ಲಿ ಅದೇ ಅಂತ ಬಂತು. ಹೆದ್ರುಕೋಬೇಡ, ಅಕ್ಕಯ್ಯನ ಔಷಧೀಲಿದಾರೆ. ಅದಕ್ಕೇ ಫೋನ್ ಮಾಡಿಲ್ಲ. ನೀನು ಹಲಸೂರಲ್ಲಿದ್ರೆ ಅಕ್ಕಯ್ಯಂಗೆ ಮಾತ್ರ ಫೋನ್ ಕೊಡ್ಬೇಡ, ಪಥ್ಯ ಕೆಡತ್ತೆ."

ಅಮ್ಮ ಫೋನ್ ಕಿತ್ತುಕೊಂಡಳು. "ಯಾವ ಔಷಧಿ? ನಾನ್ಯಾವ ಔಷಧಿ ಕೊಟ್ಟೆ?"

ಅತ್ತೆ ಅಳುವ ದನಿಯಲ್ಲಿ ಹೇಳತೊಡಗಿದಳು. ಊರಿನವರ ಗುಂಪಿನಲ್ಲಿ ಅಕ್ಕಯ್ಯನ ದನಿ ಬಂತು. ಬರಹದಲ್ಲಿದ್ದಂತೆ ಕಷಾಯ ಮಾಡಿ ಕೊಡುತ್ತಿದ್ದಾರೆ. ಉಪ್ಪು ಪೂರ್ತಿ ನಿಲ್ಲಿಸಿದ್ದಾರೆ, ಬರೀ ಗಂಜಿ. ಹೆಲ್ತ್ ಸೆಂಟರಿನವರು ಮಾತ್ರೆ ಕೊಟ್ಟು, ಬೆರಳಿಗೆ ಹಾಕುವ ಮಿಷನ್ನಿನಲ್ಲಿ ಕಮ್ಮಿ ತೋರಿಸಿದರೆ ತಕ್ಷಣ ಆಸ್ಪತ್ರೆಗೆ ಬನ್ನಿ ಎಂದಿದ್ದರು. ಮಾತ್ರೆಯನ್ನು ದೇವರ ಗೂಡಿನಲ್ಲಿಟ್ಟಿದ್ದಾರೆ, ಪಥ್ಯ ಮುಗಿದ ಮೇಲೆ ತೆಗೆದುಕೊಳ್ಳುವುದಕ್ಕೆ.

"ಮಿಷನ್ ಕಮ್ಮಿ ತೋರಿಸ್ತಾ?" ನಾನು ಕೇಳಿದೆ.

"ತೋರಿಸ್ತು ಕಣಮ್ಮ. ಉಪ್ಪು ಬಿಟ್ರೆ ಸುಸ್ತಾಗತ್ತಲ್ವಾ, ಅದಕ್ಕೇ ಇರ್ಬೇಕು ಅಂದ್ರು ಮಾವ. ಚಿಕ್ಕೋರಾಗಿದ್ದಾಗ್ಲೂ ಹಿಂಗೇ ಸುಸ್ತಾಗಿತ್ತಂತೆ, ಆಮೇಲೆ ಎದ್ದು ಓಡಾಡಿದ್ರಂತೆ."

ಹೊರಗಿನವರು ಯಾರೂ ಮಾಡಲಾರದ ತಪ್ಪು ಇದು. ಉಸಿರು ಕಡಿಮೆಯಾಗುತ್ತಿದ್ದದ್ದನ್ನು ನಮ್ಮ ಮಾವ ಪಥ್ಯದ ಲಕ್ಷಣ ಎಂದುಕೊಂಡು ಮಲಗಿದ್ದ. ಔಷಧಿ ಕೆಲಸ ಮಾಡುತ್ತಿದೆ ಎಂದೇ ತಿಳಿದಿದ್ದ. ಬೇರೆ ಯಾರದೇ ಫಾರ್ವರ್ಡ್ ಆಗಿದ್ದರೆ ನಕ್ಕು ಬಿಡುತ್ತಿದ್ದನೇನೋ, ಅವನೇನು ದಡ್ಡನಲ್ಲ. ಆದರೆ ಅದು ಅಕ್ಕನ ದನಿ. ಅವನನ್ನು ಒಮ್ಮೆ ಬದುಕಿಸಿದ್ದ ದನಿ.

ಅಮ್ಮ ಫೋನನ್ನು ಅವನ ಕಿವಿಗಿಡಲು ಹೇಳಿದಳು. ಮಾವನ ಉಸಿರು ಮೊದಲು ಕೇಳಿಸಿತು, ಮಾತು ಆಮೇಲೆ.

"ಅಕ್ಕ... ಮಾತಾಡ್ಬಿಟ್ಯಲ್ಲ. ಎಲ್ಲಾ ಕೆಟ್ಟೋಯ್ತಲ್ಲ."

"ಪಥ್ಯ ಮುರಿಯೋ" ಎಂದಳು ಅಮ್ಮ. "ಅದು ನನ್ ಔಷಧಿ ಅಲ್ಲ ಕಣೋ. ಉಪ್ಪಾಕ್ಕೊಂಡು ತಿನ್ನು, ಮಾತ್ರೆ ತಗೋ. ಈಗ್ಲೇ ಆಸ್ಪತ್ರೆಗೆ ಹೋಗು."

"ದನಿ ನಿಂದೇ ಅಲ್ವಾ?"

"ನಂದೇ ಕಣೋ. ಆದ್ರೆ ನಾನು ಹೇಳಿದ್ದಲ್ಲ."

ಈ ಮಾತು ಅವನಿಗೆ ಅರ್ಥವಾಯಿತೋ ಇಲ್ಲವೋ. ಯಾರಿಗೆ ತಾನೇ ಸುಲಭವಾಗಿ ಅರ್ಥವಾಗುತ್ತದೆ? ಅಮ್ಮ ಫೋನು ಹಿಡಿದು ಅವನನ್ನು ಬೈದಳು, ಮುದ್ದುಮಾಡಿದಳು, ಹುಡುಗನಿಗೆ ಹೇಳುವಂತೆ ಆಣೆ ಹಾಕಿದಳು. ಕೊನೆಗೆ ಅವನು "ನೀನು ಹೇಳಿದ್ರೆ ಸರಿ" ಎಂದ. ಅವನ ಬದುಕಿನುದ್ದಕ್ಕೂ ಅಕ್ಕನಿಗೆ ಅವನು ಕೊಡುತ್ತಿದ್ದ ಉತ್ತರ ಅದೇ.

ಆಸ್ಪತ್ರೆಗೆ ಹೋಗು ಎಂದು ಹೇಳುವುದು ಸುಲಭವಾಗಿತ್ತು, ಹಾಸಿಗೆ ಎಲ್ಲಿತ್ತು? ಅಣ್ಣ ಒಂದು ಕಡೆ, ನಾನು ಒಂದು ಕಡೆ ಫೋನ್ ಹಿಡಿದು ಕೂತೆವು. ಎತ್ತದ ನಂಬರುಗಳು, ಎತ್ತಿ ಇಲ್ಲ ಎನ್ನುವ ನಂಬರುಗಳು. ನಾಚಿಕೆ ಬಿಟ್ಟು ನಮ್ಮ ಬೀದಿಯ ಗುಂಪಿನಲ್ಲೂ ಬರೆದೆ. ಆಮ್ಲಜನಕದ ಹಾಸಿಗೆ ಹುಡುಕಿ ಕೊಟ್ಟವರು ಯಾರೆಂದರೆ, ಬೆಳಿಗ್ಗೆ ನನ್ನ ಕೈಯಲ್ಲಿ ಬೈಸಿಕೊಂಡಿದ್ದ ಎದುರು ಮನೆಯವರೇ. ಅವರ ಜೊತೆ ಕೆಲಸ ಮಾಡಿದ್ದ ಯಾರದೋ ಮಗ ಒಂದು ಆಸ್ಪತ್ರೆಯಲ್ಲಿದ್ದ. ಅವನ ಬೆನ್ನು ಬಿದ್ದು, ಇಡೀ ದಿನ ಊಟವನ್ನೂ ಮಾಡದೆ ಹುಡುಕಿದರಂತೆ. ಅವರನ್ನು ಪೂರ್ತಿ ದ್ವೇಷಿಸುವ ಅವಕಾಶವನ್ನೂ ಅವರು ನನಗೆ ಉಳಿಸಲಿಲ್ಲ.

ಆಂಬುಲೆನ್ಸ್ ಬಂದಾಗ ಅತ್ತೆ ಮತ್ತೆ ಫೋನ್ ಮಾಡಿದಳು. ಸ್ಟ್ರೆಚರಿನ ಮೇಲೆ ಮಲಗಿಸಿದ್ದಾರೆ, ಮೂಗಿಗೆ ಗಾಳಿ ಇಟ್ಟಿದ್ದಾರೆ, ಅಕ್ಕನ ಜೊತೆ ಒಂದು ಮಾತು ಆಡಬೇಕಂತೆ ಎಂದಳು. ಅಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಕ್ಕ" ಎಂದ ಮಾವ. "ಬರ್ತೀನಿ."

ಅವನ ಬಾಯಿಂದ ಆ ಮಾತನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಬಾಗಿಲು ಮುಚ್ಚಿದ ಸದ್ದಾಯಿತು, ಸೈರನ್ ಶುರುವಾಯಿತು, ಅತ್ತೆ ಫೋನ್ ಇಟ್ಟಳು. ಅಮ್ಮ ಬಹಳ ಹೊತ್ತು ಫೋನನ್ನು ಹಾಗೇ ಹಿಡಿದಿದ್ದಳು.

ಮಾವ ಬರಲಿಲ್ಲ. ಸ್ವಲ್ಪ ಚೇತರಿಸಿಕೊಂಡ, ಮತ್ತೆ ಕುಸಿದ, ಆ ವಾರವೇ ಹೋದ. ಆಸ್ಪತ್ರೆಯ ಡಾಕ್ಟರು ಎಳೆಯ ವಯಸ್ಸಿನವಳು, ಮಾಸ್ಕಿನ ಮೇಲಿನ ಕಣ್ಣನ್ನು ಬಿಟ್ಟರೆ ಅವಳ ಮುಖದಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಮೊದಲೇ ಕರೆದುಕೊಂಡು ಬಂದಿದ್ದರೆ ಉಳಿಯುತ್ತಿದ್ದನಾ ಎಂದು ನಾನು ಕೇಳಿದೆ. "ಗೊತ್ತಿಲ್ಲ ಮೇಡಂ. ಬೇಗ ಬಂದೋರೂ ಹೋಗ್ತಿದಾರೆ. ಆದ್ರೆ ಬೇಗ ಬಂದಿದ್ರೆ ನಮಗೆ ಏನಾದ್ರೂ ಮಾಡೋಕೆ ಟೈಮ್ ಸಿಗ್ತಿತ್ತು" ಎಂದಳು. ಅವಳು ಖಂಡಿತ ಉಳಿಯುತ್ತಿದ್ದರು ಎಂದಿದ್ದರೆ ಯಾರನ್ನಾದರೂ ಹಿಡಿದು ಜಗಳವಾಡಬಹುದಿತ್ತು. ಏನು ಮಾಡಿದರೂ ಉಳಿಯುತ್ತಿರಲಿಲ್ಲ ಎಂದಿದ್ದರೆ ಅಮ್ಮನಿಗೆ ಹೋಗಿ ಹೇಳಬಹುದಿತ್ತು. ಎರಡೂ ಅಲ್ಲದ ಉತ್ತರ ಹಿಡಿದುಕೊಂಡು ಹಲಸೂರಿಗೆ ಬಂದೆ. ದೇಹವನ್ನು ಮನೆಗೆ ಕೊಡಲಿಲ್ಲ. ಅಮ್ಮ ಅವನ ಮುಖ ನೋಡಲಿಲ್ಲ.

ಸೂತಕ ಕಳೆದ ಮೇಲೆ ಅಮ್ಮ ಅತ್ತಿಗೆಯನ್ನು ಕರೆದು ಫೋನ್ ತರಲು ಹೇಳಿದಳು. ಭಾನುವಾರದಂತೆಯೇ ತಲೆಗೆ ನೀರು ಹಾಕಿಕೊಂಡು ಬಂದು ಕೂತಳು. "ನಾನು ಹಲಸೂರಲ್ಲಿ ಕಾಮಾಲೆಗೆ ಔಷಧಿ ಕೊಡೋಳು. ಕೊರೊನಾಕ್ಕೆ ನಾನು ಔಷಧಿ ಕೊಟ್ಟಿಲ್ಲ. ನನಗೆ ಗೊತ್ತೂ ಇಲ್ಲ. ನನ್ ದನಿ ಕೇಳ್ಕೊಂಡು ನನ್ ತಮ್ಮ ಸತ್ತೋದ. ದಯವಿಟ್ಟು ಆಸ್ಪತ್ರೆಗೆ ಹೋಗ್ರಪ್ಪ." ಅಲ್ಲಿಗೆ ಅವಳಿಗೆ ಕೆಮ್ಮು ಬಂತೋ ಅಳು ಬಂತೋ, ರೆಕಾರ್ಡಿಂಗ್ ನಿಂತಿತು. ಇನ್ನೊಂದು ಸಲ ಸರಿಯಾಗಿ ಹೇಳು ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅದನ್ನೇ ಕಂಡಕಂಡ ಗುಂಪಿಗೆಲ್ಲ ಕಳಿಸಿದೆವು. ಎದುರು ಮನೆಯವರು ತಮಗೆ ಗೊತ್ತಿದ್ದ ಕಡೆಗೆಲ್ಲ ಕಳಿಸಿದರು.

ಅದು ಹೋಗಲಿಲ್ಲ. ಮೊದಲನೆಯದಕ್ಕೆ ರೆಕ್ಕೆಯಿತ್ತು, ಇದಕ್ಕೆ ಕಾಲೂ ಇರಲಿಲ್ಲ. ನೋಡಿದವರಲ್ಲಿ ಕೆಲವರು ಅಳುವ ಮುಖದ ಚಿತ್ರ ಹಾಕಿ ಸುಮ್ಮನಾದರು. ಇದನ್ನು ಕಳಿಸಲೆಂದು ಅತ್ತೆ ನನ್ನನ್ನು ಸೇರಿಸಿಸಿದ್ದ ಮಾವನ ಊರಿನ ಗುಂಪಿನಲ್ಲಿ ಒಬ್ಬ ಬರೆದ: ಔಷಧಿ ಕಂಪನಿಯವರು ಅಜ್ಜಿಯನ್ನು ಹೆದರಿಸಿ ಹೇಳಿಸಿದ್ದಾರೆ, ದನಿ ನಡುಗುತ್ತಿರುವುದು ಕೇಳಿಸುತ್ತಿಲ್ಲವೇ? ಅದಕ್ಕೆ ಬಹಳಷ್ಟು ಜನ ಹೆಬ್ಬೆರಳು ಎತ್ತಿದ್ದರು. ಅವರಲ್ಲಿ ಕೆಲವರು ಮಾವನ ತಿಥಿಯ ಊಟ ಮಾಡಿದವರು. ನಾನು ಅಲ್ಲಿ ಬರೆದ ಮಾತುಗಳನ್ನು ಇಲ್ಲಿ ಬರೆಯಲಾರೆ. ನನ್ನನ್ನು ಗುಂಪಿನಿಂದ ತೆಗೆದರು.

ಬೇಲಿಗಳು ತೆರೆದ ಮೇಲೆ ಭಾನುವಾರ ಮತ್ತೆ ಜನ ಬರತೊಡಗಿದರು. ಮೊದಲಿಗಿಂತ ಹೆಚ್ಚೇ. ಅಮ್ಮ ಬಾಗಿಲು ತೆರೆಯಲಿಲ್ಲ. ಹಳಬರೊಬ್ಬರು, ಶಿವಾಜಿನಗರದಲ್ಲಿ ಪಾತ್ರೆ ಅಂಗಡಿಯಿದ್ದವರು, ಮೊಮ್ಮಗನನ್ನು ಎತ್ತಿಕೊಂಡು ಬಂದು ಗೇಟು ಹಿಡಿದು ನಿಂತರು. "ಅಮ್ಮಾ, ನನ್ನ ಮೂರೂ ಮಕ್ಕಳಿಗೆ ನೀವೇ ಕೊಟ್ಟಿದ್ದು. ಇವನಿಗೂ ಕೊಡಿ" ಎಂದರು. ಅಮ್ಮ ಕಿಟಕಿಯಿಂದಲೇ ಆಸ್ಪತ್ರೆಗೆ ಹೋಗಿ ಸಾಬ್ ಎಂದಳು. ಅವರು ಬೇಸರದಿಂದ ಹೊರಟುಹೋದರು, ಅಭ್ಯಾಸದಂತೆ ಬರ್ತೀನಿ ಅನ್ನದೆಯೇ. ಅವತ್ತು ಮಧ್ಯಾಹ್ನ ಅಮ್ಮ ಮಹಡಿಗೆ ಹೋಗಿ ಕುಂಡದ ಸೊಪ್ಪನ್ನೆಲ್ಲ ಬೇರುಸಹಿತ ಕಿತ್ತುಹಾಕಿದಳು. ಅಷ್ಟು ವರ್ಷ ಆ ಸೊಪ್ಪಿನ ವಿರುದ್ಧ ವಾದಿಸಿದ್ದ ನಾನು ಅವಳ ಕೈ ಹಿಡಿಯಲು ಹೋದೆ. "ಬಿಡೇ. ಮುಖ ನೋಡ್ದೆ ಕೊಟ್ಟಿದ್ದು ನಾನೇ ತಾನೇ" ಎಂದಳು. ನಿನ್ನದೇನೂ ತಪ್ಪಿಲ್ಲ ಎಂದು ನಾನು ಎಷ್ಟು ಸಲ ಹೇಳಿದೆನೋ. ಅವಳು ತಲೆಯಾಡಿಸುತ್ತಿದ್ದಳು, ಒಪ್ಪುತ್ತಿರಲಿಲ್ಲ. ಎಂದಾದರೂ ಬೆಳಿಗ್ಗೆ ಫೋನ್ ರಿಂಗಾದರೆ ಮುಖ ಒಂದು ಕ್ಷಣ ಬೇರೆಯಾಗುತ್ತಿತ್ತು. ಹೀಗೇ ಎರಡು ವರ್ಷ ಬದುಕಿ, ಒಂದು ಮಧ್ಯಾಹ್ನ ಮಲಗಿದವಳು ಏಳಲಿಲ್ಲ.

ಕಳೆದ ಮಳೆಗಾಲದಲ್ಲಿ ನನಗೆ ಜ್ವರ ಬಂದು ರಕ್ತಪರೀಕ್ಷೆಗೆ ಹೋಗಿದ್ದೆ. ಇಂದಿರಾನಗರದ ಒಂದು ಸಣ್ಣ ಲ್ಯಾಬು. ಪ್ಲಾಸ್ಟಿಕ್ ಕುರ್ಚಿಗಳ ತುಂಬ ಡೆಂಗಿಯವರು. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು, ಮಡಿಲಲ್ಲಿ ಮಗಳ ತಲೆ ಇಟ್ಟುಕೊಂಡು ಫೋನ್ ನೋಡುತ್ತಿದ್ದಳು. ಅದರಲ್ಲಿ ಕುಕ್ಕರ್ ಕೂಗಿತು. ಮುಂದೆ ಏನು ಬರುತ್ತದೆಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಎದ್ದು ಮುಖ ತೊಳ್ಕೊಂಡು, ಎಂದಳು ಅಮ್ಮ. ಈ ಸಲ ಕೆಳಗಿನ ಬರಹ ಡೆಂಗಿಯದು. ಅಜ್ಜಿಗೆ ಊರೂ ಬದಲಾಗಿತ್ತು, ಕೋಲಾರದ ಕಡೆಯವಳಂತೆ.

"ಇದನ್ನ ನಂಬಬೇಡಿ" ಎಂದೆ. "ಇದು ಡೆಂಗಿಗೆ ಅಲ್ಲ. ಈ ಮಾತು ಕೇಳಿ ನಮ್ಮನೇಲಿ ಒಬ್ರು ಹೋಗಿದಾರೆ. ಡಾಕ್ಟರು ಹೇಳಿದ್ದನ್ನೇ ಮಾಡಿ. ಇವರು ನಮ್ಮಮ್ಮ."

ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಜ್ವರದ ಕಣ್ಣು, ಕೆದರಿದ ಕೂದಲು, ನಾನು ಹೇಗೆ ಕಂಡೆನೋ. "ನಾನೇನೂ ಮಾಡಲ್ಲ ಬಿಡಿ, ಸುಮ್ನೆ ಬಂತು ಅಂತ ನೋಡ್ದೆ" ಎಂದಳು. "ನಿಮ್ಮಮ್ಮ ಇದಾರಾ?"

"ಇಲ್ಲ."

ಅವಳು ಪಾಪ ಎಂದು ಫೋನನ್ನು ಬ್ಯಾಗಿಗೆ ಹಾಕಿಕೊಳ್ಳಲು ಹೋದಳು. ಅತ್ತಿಗೆಯ ಹಳೆಯ ಫೋನು ನೀರಿಗೆ ಬಿದ್ದು ಅಸಲಿ ರೆಕಾರ್ಡಿಂಗೂ ಹೋಗಿತ್ತು. ಓಡಾಡುತ್ತಿದ್ದದ್ದನ್ನು ನಾನೇ ಸಿಟ್ಟಿನಲ್ಲಿ ಕಂಡ ಕಡೆಯೆಲ್ಲ ಅಳಿಸಿದ್ದೆ. ನನ್ನ ಹತ್ತಿರ ಉಳಿದಿರುವುದು ಅಮ್ಮ ಕೆಮ್ಮುವ, ಅಳುವ ಆ ಎರಡನೆಯದು ಮಾತ್ರ, ಅದನ್ನು ಕೇಳಲು ನನಗೆ ಆಗುವುದಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು ಗೇಟಿನಲ್ಲಿ ನಿಂತಿದ್ದ ಅಮ್ಮನ ದನಿ ಈ ಲೋಕದಲ್ಲಿ ಈಗ ಇರುವುದು ಆ ಸುಳ್ಳಿನಲ್ಲಿ ಮಾತ್ರ.

"ಇನ್ನೊಂದ್ಸಲ ಹಾಕ್ತೀರಾ?" ಎಂದು ಕೇಳಿದೆ.

ಅವಳು ಏನೂ ಕೇಳದೆ ಹಾಕಿದಳು. ನಾನು ಫೋನಿಗೆ ಕಿವಿ ಹತ್ತಿರ ತಂದೆ. ಹೊರಡೋವಾಗ ಬರ್ತೀನಿ ಅನ್ಬೇಡಿ, ವಾಸಿಯಾಗತ್ತೆ, ಹೋಗಿ. ಅಷ್ಟರಲ್ಲಿ ಒಳಗಿನಿಂದ ನನ್ನನ್ನು ಕರೆದರು. ನಾನು ಎದ್ದು, ಅವಳಿಗೆ ಒಂದು ಮಾತೂ ಹೇಳದೆ, ಒಳಗೆ ಹೋದೆ.